ಎಸ್‌ವಿಎನ್ ಪ್ಯಾಕ್ ಮಾಡಿದ್ರ ಹಳೇ ಹಾರ್ಡ್ ಡಿಸ್ಕ್ ಮ್ಯಾಲೆ ಖರೇನ ಫರಕ್ ಬೀಳ್ತೈತೇನ್ರಿ?

ಗದಗ ಪ್ರೆಸ್: ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಪ್ರೆಸ್ಸಿನ್ಯಾಗ ಪುಸ್ತಕದ ಫೈಲ್ ಎಲ್ಲಾ ಸಬ್‌ವರ್ಶನ್ (ಎಸ್‌ವಿಎನ್) ಅನ್ನೂ, ಫೈಲಿನ ಹಳೇ ರೂಪ ಎಲ್ಲಾ ಉಳಸೂ ಸಾಫ್ಟ್‌ವೇರಿನ್ಯಾಗ ಇಡ್ತೀವಿ, ಭಾಳ ವರ್ಷದ ರಿಪಾಸಿಟರಿ (ಅವೆಲ್ಲಾ ಕೂಡಿಟ್ಟ ಜಾಗಾ), 5400 ಆರ್‌ಪಿಎಂ ಹಾರ್ಡ್ ಡಿಸ್ಕ್ ಮ್ಯಾಲೆ ಐತಿ. ಮುಂಜಾನೆ ಮಷಿನ್ ಚಾಲೂ ಮಾಡಿ ಹಳೇ ಪುಸ್ತಕದ ಚೆಕೌಟ್ ಕೊಟ್ರ (ಅಂದ್ರ ಅದರ ಫೈಲ್ ಹೊರಗ ತಗದ್ರ) ಡಿಸ್ಕ್ ಕಟಕಟ ಅಂತಿರ್ತೈತಿ, ಚಾ ಕುಡದು ಬಂದ್ರೂ ಮುಗದಿರೂದಿಲ್ಲ. ನಿನ್ನೆ ಒಂದು ಕಾಪಿ ಮಾಡಿ, ಅದನ್ನ ಪ್ಯಾಕ್ (ಸಣ್ಣ ಸಣ್ಣ ಫೈಲ್ ಕೂಡಿಸಿ ದೊಡ್ಡದು) ಮಾಡೂಕ್ಕಿಂತ ಮೊದಲೊಮ್ಮೆ ಆಮ್ಯಾಲೊಮ್ಮೆ ಚೆಕೌಟ್ ಮಾಡಿ ನೋಡಿದೆ, ಎರಡೂ ಅಷ್ಟ ಟೈಮ್ ಬಂತು. ಹಂಗಾರ ಪ್ಯಾಕ್ ಮಾಡೂದು ದಂಡ ಏನ್ರಿ?

ಉಣಕಲ್ ದಂಡಿ: ಎಸ್ಎಸ್‌ಡಿ ಹಾಕಿ ಬಿಡ್ರಿ ಅಣ್ಣಾರ. ಅದರಾಗ ತಿರುಗೂ ತಟ್ಟಿ ಇಲ್ಲ, ಸರಿಯೂ ಹೆಡ್ ಇಲ್ಲ, ಸಣ್ಣ ಫೈಲ್ ಎಷ್ಟ ಇದ್ರೂ ನಡೀತೈತಿ. ಪ್ಯಾಕ್ ಹಿಂದ ಯಾಕ ಬೀಳ್ತೀರಿ.

ಸಾಧನಕೇರಿ: ದಂಡ ಅನ್ನಬ್ಯಾಡ್ರಿ, ಟೆಸ್ಟ್ ತಪ್ಪೇತಿ. ಕಾಪಿ ಮಾಡಿದ ಕೂಡ್ಲೆ ಆ ಫೈಲ್ ಎಲ್ಲಾ ರ್ಯಾಮಿನ್ಯಾಗ ಕುಂತಿರ್ತಾವು, ನೀವು ಅಳದದ್ದು ರ್ಯಾಮ್, ಡಿಸ್ಕ್ ಅಲ್ಲ. ಲಿನಕ್ಸ್ ಇದ್ರ ಪ್ರತಿ ಸಲ ಮೊದಲ ಸಿಂಕ್ ಕೊಡ್ರಿ (ಬರಿಯೂದು ಬಾಕಿ ಇದ್ದದ್ದು ಡಿಸ್ಕಿಗೆ ಹೋಗ್ತೈತಿ), ಆಮ್ಯಾಲೆ ರೂಟ್ ಆಗಿ ಡ್ರಾಪ್ ಕ್ಯಾಶಸ್‌ಗೆ 3 ಬರೀರಿ (ಕ್ಯಾಶ್, ಅಂದ್ರ ರ್ಯಾಮಿನ್ಯಾಗ ಕುಂತ ಫೈಲ್, ಖಾಲಿ ಆಗ್ತೈತಿ), ಸರ್ವರ್ ಪ್ರೋಗ್ರಾಮ್ ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ, ಯಾಕಂದ್ರ ಅದೂ ತನ್ನ ಹತ್ರ ಕ್ಯಾಶ್ ಇಟ್ಕೊಂಡಿರ್ತೈತಿ. ಮುಂಜಾನಿ ಕಟಕಟ ಕೇಳ್ತದಲ್ಲ, ಅಳೀಬೇಕಾದ್ದು ಅದನ್ನ.

ಬ್ಯಾಡಗಿ: ಅಕ್ಕಾರು ಹೇಳಿದ್ದು ಬರೋಬ್ಬರಿ ಐತಿ. ಲೆಕ್ಕಾ ಹಾಕಿ ನೋಡ್ರಿ, 5400 ಆರ್‌ಪಿಎಂ ಅಂದ್ರ ಒಂದು ಸುತ್ತಿಗೆ 11.1 ಮಿಲಿಸೆಕೆಂಡು, ಬೇಕಾದ ಜಾಗಾ ಹೆಡ್ಡಿನ ಕೆಳಗ ಬರಾಕ ಸರಾಸರಿ ಅರ್ಧ ಸುತ್ತು, 5.5. ಹಿಂಗ 10,000 ಕಡೆ ಜಿಗದ್ರ ಬರೇ ಕಾಯೂದ್ರಾಗ 55 ಸೆಕೆಂಡು ಹೋತು, ಹೆಡ್ ಸರಿಯೂ ಟೈಮ್ ಅದರ ಮ್ಯಾಲೆ. ಎಫ್ಎಸ್ಎಫ್ಎಸ್‌ನಾಗ (ಸಬ್‌ವರ್ಶನ್ ಡಿಸ್ಕ್ ಮ್ಯಾಲೆ ಫೈಲ್ ಇಡೂ ರೀತಿ) ಒಂದೊಂದು ರಿವಿಜನ್ನಿಗೆ (ಒಂದೊಂದು ಸಲ ಸೇರಿಸಿದ ಬದಲಾವಣಿಗೆ) ಒಂದೊಂದು ಫೈಲ್ ಇರ್ತೈತಿ, ಒಂದು ಡಾಕ್ಯುಮೆಂಟ್ ಪೂರ್ತಿ ಕಟ್ಟಾಕ ಹಳೇ ರಿವಿಜನ್ ಡೆಲ್ಟಾ (ಬದಲಾದ ಭಾಗ ಅಷ್ಟ) ಹುಡುಕ್ಕೋತ ಹಿಂದ ಹಿಂದ ಹೋಗಬೇಕು. 1.6 ವರ್ಶನ್ನಿನ್ಯಾಗ, 2009ರಾಗ, ಬಂದ ಪ್ಯಾಕ್ ಇವನ್ನ 1000ಕ್ಕೊಂದರಂಗ ಒಂದ ಫೈಲಿಗೆ ಹಾಕ್ತೈತಿ. ಗಿಟ್‌ನ್ಯಾಗೂ (ಇಂಥದ ಇನ್ನೊಂದು ಸಾಫ್ಟ್‌ವೇರ್) ಇದ ಕಥಿ, ಬಿಡಿ ಆಬ್ಜೆಕ್ಟ್ (ಒಂದೊಂದ ಇಟ್ಟ ಸಣ್ಣ ಫೈಲ್) ಸುಮಾರು 6700 ದಾಟಿದ್ರ ತಾನ ಪ್ಯಾಕ್ ಮಾಡ್ತೈತಿ.

ಉಣಕಲ್ ದಂಡಿ: ಫೈಲ್ ಒಂದಾದ್ರೂ ಅದರೊಳಗ ಜಿಗಿಯೂದು ತಪ್ಪೂದಿಲ್ಲಲ್ಲೋ ತಮ್ಮಾ?

ಬ್ಯಾಡಗಿ: ಪೂರ್ತಿ ತಪ್ಪೂದಿಲ್ಲ ಅಣ್ಣಾ, ಒಪ್ಕೋತೀನಿ. ಅದಕ್ಕ 2015ರಾಗ 1.9 ಬಂದಾಗ ಫಾರ್ಮ್ಯಾಟ್ 7 (ರಿಪಾಸಿಟರಿ ಡಿಸ್ಕ್ ಮ್ಯಾಲೆ ಇಡೂ ಹೊಸಾ ರೀತಿ) ತಂದ್ರು, ಅದು ಪ್ಯಾಕ್ ಮಾಡುವಾಗ ಒಂದಕ್ಕೊಂದು ಸಂಬಂಧ ಇದ್ದದ್ದನ್ನ ಹತ್ತಿರ ಹತ್ತಿರ ಕೂಡಸ್ತೈತಿ. ಆದ್ರ ಹಳೇ ರಿಪಾಸಿಟರಿಗೆ ಬರೇ ಅಪ್‌ಗ್ರೇಡ್ ಕೊಟ್ರ ಆ ಲಾಭ ಪೂರ್ತಿ ಸಿಗೂದಿಲ್ಲ, ಡಂಪ್ (ಎಲ್ಲಾ ರಿವಿಜನ್ ಇರೂ ಕಾಪಿ) ತಗದು ಹೊಸಾ ರಿಪಾಸಿಟರಿಗೆ ಲೋಡ್ ಮಾಡಬೇಕು.

ಗದಗ ಪ್ರೆಸ್: ಎಸ್ಎಸ್‌ಡಿ ತಗೊಂಡ್ರೂ ಬ್ಯಾಕಪ್ ಹಾರ್ಡ್ ಡಿಸ್ಕ್ ಮ್ಯಾಲೇನ ಇರ್ತೈತ್ರಿ, ಹಂಗಾಗಿ ಡಂಪ್ ಲೋಡ್ ಮಾಡೇ ಬಿಡ್ತೀನಿ. ಇವತ್ತ ರಾತ್ರಿ ಹಳೇದು, ಪ್ಯಾಕ್ ಆದದ್ದು, ಹೊಸಾದು ಮೂರನ್ನೂ ಕ್ಯಾಶ್ ಖಾಲಿ ಮಾಡಿ ಟೆಸ್ಟ್ ಹಚ್ತೀನಿ.

ಸಾಧನಕೇರಿ: ಒಂದು ಮಾತ್ರ ಮರೀಬ್ಯಾಡ್ರಿ. ಹಳೇದರ ಕಾಪಿ ಟೆಸ್ಟ್ ಮಾಡಬ್ಯಾಡ್ರಿ, ಕಾಪಿ ಮಾಡಿದ್ರ ಫೈಲ್ ಡಿಸ್ಕಿನ ಮ್ಯಾಲೆ ಹೊಸದಾಗಿ ಸಾಲಾಗಿ ಕುಂದ್ರತಾವು, ಇಷ್ಟ ವರ್ಷ ಚೆಲ್ಲಾಪಿಲ್ಲಿ ಆದದ್ದು ಅದರಾಗ ಕಾಣೂದಿಲ್ಲ. ಮೂಲ ರಿಪಾಸಿಟರಿ ಮ್ಯಾಲೇನ ಎಸ್‌ವಿಎನ್‌ಅಡ್ಮಿನ್ ವೆರಿಫೈ ಓಡಿಸ್ರಿ, ಅದು ಬರೇ ಓದ್ತೈತಿ, ಏನೂ ಬದಲಿ ಮಾಡೂದಿಲ್ಲ. ಟೈಮ್ ಬರದು ಇಟ್ಕೊಂಡು, ಆಮ್ಯಾಲೆ ಉಳದದ್ದಕ್ಕ ಕೈ ಹಚ್ರಿ.

ಗದಗ ಪ್ರೆಸ್: ಆತ್ರಿ ಅಕ್ಕಾರ, ನಾಳೆ ಮುಂಜಾನೆ ಮೂರರ ಟೈಮೂ ಇಲ್ಲೇ ಹಾಕ್ತೀನಿ.