ಪ್ರಥಮ ಪಿಯುಸಿ ಬ್ಯಾಕ್ಟೀರಿಯಾ ಪಾಠ: ವಿಡಿಯೊ ನೋಡಿ ಕಲಿತವರು, ಕಲಿಸಿದವರು ಅನುಭವ ತಿಳಿಸಿ

ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ತಾಯಿ

ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಈಗ ಪ್ರಥಮ ಪಿಯುಸಿ ವಿಜ್ಞಾನ, ಎಲ್ಲವೂ ಇಂಗ್ಲಿಷಿನಲ್ಲಿ. ಟ್ಯೂಷನ್‌ಗೆ ಕಳುಹಿಸೋಣವೆಂದರೆ ನಮ್ಮೂರಿಗೆ ಸಂಜೆ ಬಸ್ ಇಲ್ಲ. ಹಾಗಾಗಿ ಮೊಬೈಲಿನಲ್ಲಿ ಜೀವಶಾಸ್ತ್ರದ ವಿಡಿಯೊ ನೋಡಿ ಓದುತ್ತಾಳೆ. ಬ್ಯಾಕ್ಟೀರಿಯಾ ಪಾಠಕ್ಕೆ ಸಿಕ್ಕ ಸಿಕ್ಕ ವಿಡಿಯೊಗಳನ್ನೆಲ್ಲ ನೋಡಿದಳು. ಕೇಳಿದರೆ ಗಡಗಡನೆ ಹೇಳುತ್ತಾಳೆ. ಆದರೆ ಕಿರುಪರೀಕ್ಷೆಯಲ್ಲಿ ಅಂಕ ಬರಲಿಲ್ಲ. ಜೀವಿಗಳ ವರ್ಗೀಕರಣದಲ್ಲಿ ಮೂರು ಗುಂಪು ಎಂದು ಬರೆದಿದ್ದಳಂತೆ, ಅದನ್ನು ಹೊಡೆದು ಐದು ಎಂದು ತಿದ್ದಿದ್ದಾರೆ. ಬ್ಯಾಕ್ಟೀರಿಯಾದ ಚಿತ್ರದಲ್ಲಿ ಮೀಸೋಸೋಮ್ ಗುರುತಿಸಿಲ್ಲವೆಂದು ಇನ್ನೊಂದು ಅಂಕ ಹೋಗಿದೆ. ‘ವಿಡಿಯೊದಲ್ಲಿ ಅದು ಇರಲೇ ಇಲ್ಲ ಅಮ್ಮ’ ಎಂದು ಅಳುತ್ತಾಳೆ. ನಮ್ಮದು ರೇಷ್ಮೆ ಹುಳು ಸಾಕುವ ಮನೆ, ನಾನು ಓದಿದ್ದು ಏಳನೆಯ ತರಗತಿ. ಯಾವ ವಿಡಿಯೊ ನೋಡಬೇಕು, ಹೇಗೆ ನೋಡಬೇಕು? ಇಲ್ಲವೇ ಮೊಬೈಲ್ ಕಿತ್ತಿಟ್ಟು ಪುಸ್ತಕ ಹಿಡಿಸಬೇಕೇ? ತಿಳಿದವರು ಹೇಳಿ.

ಕೋಲಾರದ ಪಿಯು ಉಪನ್ಯಾಸಕ

ಅಮ್ಮ, ಮೊದಲನೆಯದಾಗಿ ಮಗಳನ್ನು ಬೈಯಬೇಡಿ. ಅವಳು ಬರೆದದ್ದು ತಪ್ಪಲ್ಲ. ಆ ಪ್ರಶ್ನೆಪತ್ರಿಕೆಗೆ ಸಲ್ಲುವ ಉತ್ತರವಲ್ಲ, ಅಷ್ಟೇ.

ನಮ್ಮ ಪಿಯುಸಿಯಲ್ಲಿ ಎನ್‌ಸಿಇಆರ್‌ಟಿ ಪುಸ್ತಕವಿದೆ. ಅದರ ವರ್ಗೀಕರಣದ ಅಧ್ಯಾಯ ನಿಂತಿರುವುದು ವಿಟ್ಟೇಕರ್ 1969ರಲ್ಲಿ ಮಂಡಿಸಿದ ಐದು ಸಾಮ್ರಾಜ್ಯಗಳ ಮೇಲೆ: ಮೊನೆರಾ, ಪ್ರೊಟಿಸ್ಟಾ, ಫಂಜೈ, ಪ್ಲಾಂಟೆ, ಅನಿಮೇಲಿಯಾ. ಬ್ಯಾಕ್ಟೀರಿಯಾಗಳೆಲ್ಲ ಮೊನೆರಾದೊಳಗೆ ಬರುತ್ತವೆ. ಅಮೆರಿಕದವರು ಮಾಡಿದ ವಿಡಿಯೊಗಳಲ್ಲಿ ಇರುವುದು ಕಾರ್ಲ್ ವೋಸ್ ಮತ್ತು ಸಂಗಡಿಗರು 1990ರಲ್ಲಿ ಮುಂದಿಟ್ಟ ಮೂರು ಡೊಮೇನ್‌ಗಳು: ಬ್ಯಾಕ್ಟೀರಿಯಾ, ನೋಡಲು ಅದರಂತೆಯೇ ಇರುವ ಆರ್ಕಿಯಾ, ಕೋಶಕೇಂದ್ರವಿರುವ ಯೂಕ್ಯಾರಿಯಾ. ಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಂಬ ಕಣದ ಆರ್‌ಎನ್‌ಎ ಹೋಲಿಸಿ ನೋಡಿ, ಆರ್ಕಿಯಾಗಳು ಬ್ಯಾಕ್ಟೀರಿಯಾಗಳಿಂದ ಬೇರೆಯೇ ಎಂದು ವೋಸ್ 1977ರಲ್ಲಿಯೇ ತೋರಿಸಿದ್ದರು. ಇಂದು ವಿಜ್ಞಾನಿಗಳು ನಡೆಯುವುದು ಈ ದಾರಿಯಲ್ಲಿಯೇ. ನಮ್ಮ ಪುಸ್ತಕ ಅದನ್ನು ಒಂದೇ ಮಾತಿನಲ್ಲಿ ಹೇಳಿ, ಮುಂದಿನ ತರಗತಿಗಳಿಗೆ ಬಿಟ್ಟು ಹೋಗುತ್ತದೆ.

ಮೀಸೋಸೋಮಿನ ಕಥೆ ಇನ್ನೂ ಸ್ವಾರಸ್ಯದ್ದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಮೊದಲು ಜೀವಕೋಶವನ್ನು ರಾಸಾಯನಿಕದಲ್ಲಿ ಅದ್ದಿ ಕೆಡದಂತೆ ಗಟ್ಟಿ ಮಾಡುತ್ತಾರೆ. ಹಾಗೆ ಮಾಡಿದಾಗಲೆಲ್ಲ ಬ್ಯಾಕ್ಟೀರಿಯಾದ ಪೊರೆ ಒಳಕ್ಕೆ ಮಡಿಚಿಕೊಂಡು ಸುರುಳಿಯಂತೆ ಕಾಣುತ್ತಿತ್ತು. ಅದಕ್ಕೊಂದು ಹೆಸರಿಟ್ಟರು, ಉಸಿರಾಟ, ಕೋಶಭಿತ್ತಿಯ ರಚನೆ, ಡಿಎನ್‌ಎ ನಕಲು ಎಂದು ಕೆಲಸಗಳನ್ನೂ ಹಂಚಿದರು. 1970ರ ದಶಕದಿಂದೀಚೆಗೆ, ರಾಸಾಯನಿಕ ಹಾಕದೆ ಥಟ್ಟನೆ ಹೆಪ್ಪುಗಟ್ಟಿಸಿ ನೋಡುವ ವಿಧಾನ ಬಂದಾಗ ಆ ಮಡಿಕೆ ಕಾಣಲಿಲ್ಲ. ಅದನ್ನು ಹುಟ್ಟಿಸಿದ್ದು ನಮ್ಮ ರಾಸಾಯನಿಕವೇ. ಹೊಸದಾಗಿ ವಿಡಿಯೊ ಮಾಡುವವರು ಅದನ್ನು ಕೈಬಿಟ್ಟಿದ್ದಾರೆ, ಪಠ್ಯಪುಸ್ತಕ ಬಿಟ್ಟಿಲ್ಲ. ಪುಸ್ತಕದಲ್ಲಿ ಇರುವವರೆಗೆ ಪರೀಕ್ಷೆಯಲ್ಲಿ ಕೇಳುತ್ತಾರೆ. ತರಗತಿಯಲ್ಲಿ ನಾನು ಎರಡನ್ನೂ ಹೇಳಿ, ಉತ್ತರಪತ್ರಿಕೆಯಲ್ಲಿ ಪುಸ್ತಕದ್ದನ್ನೇ ಬರೆಯಿರಿ ಎನ್ನುತ್ತೇನೆ. ಹೇಳುವಾಗ ನನಗೇ ಕಸಿವಿಸಿಯಾಗುತ್ತದೆ. ಆದರೆ ಸೀಟು ಹಂಚುವವನು ನಾನಲ್ಲ.

ಆದ್ದರಿಂದ ಪುಸ್ತಕ ಮೊದಲು, ವಿಡಿಯೊ ಆಮೇಲೆ. ಆ ಅಧ್ಯಾಯದಲ್ಲಿ ಬ್ಯಾಕ್ಟೀರಿಯಾಕ್ಕೆ ಮೀಸಲಾದದ್ದು ಎರಡು ಮೂರು ಪುಟ. ಅದಕ್ಕೆ ಇಡೀ ಅಧ್ಯಾಯವನ್ನು ಒಂದೇ ಸಲಕ್ಕೆ ಮುಗಿಸುವ ಗಂಟೆಗಟ್ಟಲೆಯ ‘ಒನ್ ಶಾಟ್’ ವಿಡಿಯೊ ಯಾಕೆ ಬೇಕು? ಅವು ಪರೀಕ್ಷೆಯ ಹಿಂದಿನ ವಾರ ಮೆಲುಕು ಹಾಕುವವರಿಗೆ ಸರಿ, ಹೊಸದಾಗಿ ಕಲಿಯುವವರಿಗಲ್ಲ. ಪುಟ ಓದುವಾಗ ತಿಳಿಯದ ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆದುಕೊಳ್ಳಲಿ, ಆ ಗೆರೆಗಳಿಗಷ್ಟೇ ವಿಡಿಯೊ ಹುಡುಕಲಿ. ವಿಡಿಯೊದಲ್ಲಿ ಪುಸ್ತಕಕ್ಕೆ ಹೊಂದದ ಮಾತು ಬಂದರೆ ಬರೆದಿಟ್ಟುಕೊಂಡು ಮರುದಿನ ತಮ್ಮ ಉಪನ್ಯಾಸಕರನ್ನು ಕೇಳಲಿ. ಕೇಳಿದರೆ ಸಿಡುಕುವವರೂ ಇದ್ದಾರೆ, ಗೊತ್ತು. ಆದರೂ ಕೇಳಲಿ.

ತುಮಕೂರಿನಲ್ಲಿ ಬಿಎಸ್ಸಿ ಓದುತ್ತಿರುವ ವಿದ್ಯಾರ್ಥಿನಿ

ಅಕ್ಕ, ನಾನೂ ಪಾವಗಡದ ಕಡೆಯ ಕನ್ನಡ ಮಾಧ್ಯಮದವಳು. ಸರ್ ಹೇಳಿದ ‘ಪುಸ್ತಕ ಮೊದಲು’ ಎಂಬ ಮಾತು ಇಂಗ್ಲಿಷ್ ಬರುವವರಿಗೆ ಸರಿ. ನಮ್ಮಂಥವರಿಗೆ ಆ ಪುಸ್ತಕದ ಮೊದಲ ಪ್ಯಾರಾದಲ್ಲೇ ಉಸಿರು ಕಟ್ಟುತ್ತದೆ. ನಾನು ಹಿಡಿದ ದಾರಿ ಬೇರೆ. ಎಂಟನೆಯ ತರಗತಿಯ ಕನ್ನಡ ವಿಜ್ಞಾನ ಪುಸ್ತಕದಲ್ಲಿ ಸೂಕ್ಷ್ಮಜೀವಿಗಳ ಪಾಠವಿದೆಯಲ್ಲ, ಅದನ್ನು ತೆಗೆದು ಇನ್ನೊಮ್ಮೆ ಓದಿದೆ. ಕೊರೋನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯವರಿಗೆಂದು ಬಂದ ‘ಸಂವೇದ’ ಪಾಠಗಳನ್ನು ನೋಡಿದೆ. ನಂತರವೇ ಇಂಗ್ಲಿಷಿಗೆ ಹೋದದ್ದು.

ಇಂಗ್ಲಿಷ್ ವಿಡಿಯೊವನ್ನು ಮೊದಲ ಸಲ ಧ್ವನಿ ನಿಲ್ಲಿಸಿ ನೋಡಲು ಹೇಳಿ. ಪರದೆಯ ಮೇಲೆ ಏನು ನಡೆಯುತ್ತಿದೆ ಎಂದು ಅವಳೇ ಕನ್ನಡದಲ್ಲಿ ಹೇಳಲಿ, ನೀವು ಪಕ್ಕದಲ್ಲಿ ಕುಳಿತು ಕೇಳಿ. ನಿಮಗೆ ಅರ್ಥವಾಗದಿದ್ದರೆ ಅವಳಿಗೂ ಅರ್ಥವಾಗಿಲ್ಲ ಎಂದು ತಿಳಿಯಿರಿ. ಎರಡನೆಯ ಸಲ ಧ್ವನಿ ಹಾಕಿ, ಕೆಳಗೆ ಅಕ್ಷರ ಬರುವಂತೆ ಮಾಡಿ ನೋಡಲಿ. ಹಿಂದಿ ವಿಡಿಯೊಗಳ ತಂಟೆ ಬೇಡ. ಒಂದು ಪರಭಾಷೆಯನ್ನು ಇನ್ನೊಂದು ಪರಭಾಷೆಯಿಂದ ಕಲಿಯುವ ಕಷ್ಟ ಯಾಕೆ.

ಮಾತೇ ಬೇಡದ ವಿಡಿಯೊವೊಂದನ್ನು ಖಂಡಿತ ತೋರಿಸಿ. ಹಾರ್ವರ್ಡ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2016ರಲ್ಲಿ ಹೊರತಂದದ್ದು, ಮೆಗಾ ಪ್ಲೇಟ್ ಎಂದು ಹುಡುಕಿದರೆ ಸಿಗುತ್ತದೆ. ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದದ ತಟ್ಟೆಯಲ್ಲಿ ಕಪ್ಪು ಅಗರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ, ಹಾಸಿದ್ದಾರೆ. ಎರಡು ತುದಿಗಳ ಪಟ್ಟಿಗಳಲ್ಲಿ ಆಂಟಿಬಯಾಟಿಕ್ ಇಲ್ಲ. ಅದರ ಒಳಗಿನ ಪಟ್ಟಿಯಲ್ಲಿ ಬ್ಯಾಕ್ಟೀರಿಯಾ ಸಾಯುವಷ್ಟು ಇದೆ, ಅಲ್ಲಿಂದ ಒಳಗೆ ಬಂದಂತೆ ಹತ್ತು ಪಟ್ಟು, ನೂರು ಪಟ್ಟು, ನಟ್ಟನಡುವೆ ಸಾವಿರ ಪಟ್ಟು. ತುದಿಯಲ್ಲಿ ಬಿಟ್ಟ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಬೆಳ್ಳಗೆ ಹರಡುತ್ತ ಬಂದು ಮೊದಲ ಗೆರೆಯಲ್ಲಿ ನಿಂತುಬಿಡುತ್ತದೆ. ಇನ್ನು ಮುಗಿಯಿತು ಎನ್ನುವಾಗ ಗೆರೆಯ ಯಾವುದೋ ಒಂದು ಜಾಗದಲ್ಲಿ ಬಿಳಿ ಚುಕ್ಕೆ ಮೂಡಿ, ಆಚೆಗೆ ಹರಡತೊಡಗುತ್ತದೆ. ಮತ್ತೆ ಮುಂದಿನ ಗೆರೆ, ಮತ್ತೆ ತಡೆ, ಮತ್ತೆ ಇನ್ನೊಂದು ಚುಕ್ಕೆ. ಸುಮಾರು 11 ದಿನಗಳಲ್ಲಿ ಸಾವಿರ ಪಟ್ಟಿನ ಪಟ್ಟಿಯನ್ನೂ ತಲುಪುತ್ತದೆ. ವಿಡಿಯೊ ಇರುವುದು ಎರಡೇ ನಿಮಿಷ. ನನ್ನ ಅಜ್ಜಿ ನೋಡಿ, ‘ಔಷಧಿಗೆ ಜಗ್ಗದ ಹುಳ’ ಎಂದರು.

ಇನ್ನೊಂದು ಮಾತು. ನಿಮ್ಮ ಕಡೆ ಯಾರಾದರೂ ಕಡಲೆಕಾಯಿ ಇಟ್ಟಿದ್ದರೆ ಒಂದು ಗಿಡ ಕಿತ್ತು ಬೇರು ತೊಳೆಯಲಿ. ಬೇರಿಗೆ ಅಂಟಿದ ಗಂಟುಗಳಲ್ಲಿ ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನದು.

ಮುಳಬಾಗಿಲಿನ ಒಬ್ಬ ತಂದೆ

ನಮ್ಮ ಮಗ ಬ್ಯಾಕ್ಟೀರಿಯಾ ಎಂದು ಮೊಬೈಲ್ ಇಸಿದುಕೊಳ್ಳುತ್ತಾನೆ, ಹಿಂದಿನಿಂದ ಹೋಗಿ ನೋಡಿದರೆ ಕ್ರಿಕೆಟ್. ವಿಡಿಯೊ ಇಳಿಸಿಕೊಂಡು, ನೆಟ್ ನಿಲ್ಲಿಸಿ ಕೊಡಿ. ನನಗೆ ಗೊತ್ತಿರುವ ಶಿಕ್ಷಣ ಕ್ರಮ ಇಷ್ಟೇ.

ಶ್ರೀನಿವಾಸಪುರದ ಟೊಮ್ಯಾಟೊ ಬೆಳೆಗಾರ

ತಾಯಿ, ನನ್ನ ಮಗ ದ್ವಿತೀಯ ಪಿಯುಸಿ. ಅವನೂ ವಿಡಿಯೊ ನೋಡುತ್ತಿದ್ದ, ತಲೆಗೆ ಹತ್ತುತ್ತಿರಲಿಲ್ಲ. ಬೆಲೆ ಇಲ್ಲದ ವರ್ಷ ನಮ್ಮ ತೋಟಕ್ಕೆ ಯಾವ ರೋಗವೂ ಬರುವುದಿಲ್ಲ, ಬೆಲೆ ಬಂದ ವರ್ಷ ತಪ್ಪದೆ ಬರುತ್ತದೆ. ಹಾಗೆ ಬಂದದ್ದು ಸೊರಗು ರೋಗ. ಎಲೆ ಹಳದಿಯಾಗದೆ, ಹಸಿರಾಗಿರುವಾಗಲೇ ಗಿಡ ತಲೆ ಬಾಗಿಸಿತು. ಇದು ಶಿಲೀಂಧ್ರವೋ ದುಂಡಾಣುವೋ (ಬ್ಯಾಕ್ಟೀರಿಯಾ) ತಿಳಿಯದೆ ಔಷಧಿ ಹೊಡೆದರೆ ದುಡ್ಡು ದಂಡ. ಅದನ್ನು ಪತ್ತೆ ಮಾಡಲು ಸುಲಭದ ಪರೀಕ್ಷೆಯಿದೆ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಚೂಪಾದ ಕತ್ತಿಯಿಂದ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮಾತ್ರ ಮುಳುಗುವಂತೆ ಹಿಡಿಯಬೇಕು. ಅಲುಗಾಡಿಸಬಾರದು. ಕೆಲವೇ ನಿಮಿಷಗಳಲ್ಲಿ ಕಾಂಡದಿಂದ ಹಾಲುಬಣ್ಣದ ತೆಳುವಾದ ಎಳೆ ಕೆಳಗಿಳಿಯುತ್ತದೆ. ಅದೇ ಬ್ಯಾಕ್ಟೀರಿಯಾ, ಲೆಕ್ಕವಿಲ್ಲದಷ್ಟು. ಶಿಲೀಂಧ್ರದ ಸೊರಗಾಗಿದ್ದರೆ ಎಳೆ ಇಳಿಯುವುದಿಲ್ಲ.

ಮಗ ಲೋಟವನ್ನು ಬೆಳಕಿಗೆ ಹಿಡಿದು ನೋಡಿದವನು, ಆ ರಾತ್ರಿ ತಾನೇ ರಾಲ್‌ಸ್ಟೋನಿಯಾ ಸೊಲನೇಸಿಯಾರಮ್ ಎಂದು ಹುಡುಕಿ ವಿಡಿಯೊ ನೋಡಿದ. ನೀರು ಸಾಗಿಸುವ ಕ್ಸೈಲಂ ನಾಳದೊಳಗೆ ಅದು ತುಂಬಿಕೊಂಡು ನೀರನ್ನು ಹೇಗೆ ತಡೆಯುತ್ತದೆ ಎಂದು ನನಗೇ ಪಾಠ ಮಾಡಿದ. ತೋಟ ಉಳಿಯಲಿಲ್ಲ, ಮುಂದಿನ ಸಲ ಆ ಹೊಲಕ್ಕೆ ರಾಗಿ ಹಾಕಿದೆವು. ಅಂದಿನಿಂದ ಅವನು ನೋಡುವ ವಿಡಿಯೊಕ್ಕೆ ನಾನು ಅಡ್ಡಿ ಮಾಡುವುದಿಲ್ಲ. ನಿಮ್ಮ ಮನೆಯಲ್ಲಿ ಹುಳುವಿದೆ ಎಂದಿರಿ. ಅದರಲ್ಲಿ ರೋಗಕ್ಕೇನು ಬರವೇ?

ಶಿಡ್ಲಘಟ್ಟದ ತಾಯಿ

ಎಲ್ಲರಿಗೂ ನಮಸ್ಕಾರ. ಅಣ್ಣ ಹೇಳಿದ ಮೇಲೆ ಮಗಳನ್ನು ಕೇಳಿದೆ. ಸಪ್ಪೆ ರೋಗ, ಹಾಲುತೊಂಡೆ, ಸುಣ್ಣಕಟ್ಟು, ಗಂಟುರೋಗ ಎಲ್ಲವೂ ಬ್ಯಾಕ್ಟೀರಿಯಾ ಎನ್ನುತ್ತಾಳೆ. ಕಣ್ಣಿಗೆ ಕಾಣದ್ದೆಲ್ಲ ಬ್ಯಾಕ್ಟೀರಿಯಾ ಅಂತೆ. ನನಗೇಕೋ ನಂಬಿಕೆ ಬರಲಿಲ್ಲ. ಒಂದೊಂದರಲ್ಲಿ ಹುಳು ಸಾಯುವ ರೀತಿಯೇ ಬೇರೆ ಬೇರೆ.

ಚಿಂತಾಮಣಿಯಲ್ಲಿರುವ ನಿವೃತ್ತ ರೇಷ್ಮೆ ನೌಕರ

ನಿಮಗೆ ನಂಬಿಕೆ ಬಾರದ್ದು ಸರಿಯಾಗಿಯೇ ಇದೆಯಮ್ಮ. ಆ ನಾಲ್ಕು ರೋಗಗಳಿಗೆ ನಾಲ್ಕು ಬೇರೆ ಬೇರೆ ಬಗೆಯ ರೋಗಾಣುಗಳು ಕಾರಣ. ಸಪ್ಪೆ ರೋಗದಲ್ಲಿ ಹುಳು ಸೊಪ್ಪು ಬಿಟ್ಟು ಮೆತ್ತಗಾಗಿ, ಸತ್ತ ಮೇಲೆ ಕಪ್ಪಾಗಿ ನಾರುತ್ತದೆ. ಇದರಲ್ಲಿ ಬ್ಯಾಕ್ಟೀರಿಯಾದ ಪಾಲು ದೊಡ್ಡದು. ಹಾಲುತೊಂಡೆಯಲ್ಲಿ ಮೈ ಊದಿ, ಚರ್ಮ ಒಡೆದು ಹಾಲಿನಂಥ ರಸ ಸೋರುತ್ತದೆ, ಅದು ವೈರಸ್. ಸುಣ್ಣಕಟ್ಟಿನಲ್ಲಿ ಹುಳು ಬಿಳಿಯಾಗಿ ಸೆಟೆದು ಗಟ್ಟಿಯಾಗುತ್ತದೆ. ಅದು ಬ್ಯೂವೇರಿಯಾ ಎಂಬ ಶಿಲೀಂಧ್ರ. ಗಂಟುರೋಗಕ್ಕೆ ನೊಸೆಮಾ ಎಂಬ ಮೈಕ್ರೊಸ್ಪೊರಿಡಿಯಾ (ಒಂದೇ ಕೋಶದ ಪರಾವಲಂಬಿ ಜೀವಿ) ಕಾರಣ, ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೇ ದಾಟುತ್ತದೆ.

ಮಗಳಿಗೆ ಇದನ್ನು ಹೇಳಿ: ಲೂಯಿ ಪಾಸ್ಚರ್ 1865ರಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆಗೆ ಹೋದದ್ದು ಇಂಥ ರೋಗ ಹುಡುಕಿಕೊಂಡೇ. ಎಲ್ಲರೂ ಒಂದೇ ರೋಗ ಎಂದುಕೊಂಡಿದ್ದು ಒಂದಲ್ಲ, ಗಂಟುರೋಗ ಬೇರೆ, ಸಪ್ಪೆ ರೋಗ ಬೇರೆ ಎಂದು ಅವರು ಬಿಡಿಸಿದರು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಹೊಳೆಯುವ ಅಂಡಾಕಾರದ ಬೀಜಾಣು ಕಂಡರೆ ಆ ಮೊಟ್ಟೆಗಳನ್ನು ನಾಶ ಮಾಡುವ ಪದ್ಧತಿ ಅವರದೇ. ರೇಷ್ಮೆ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವುದು ಅದೇ ಕೆಲಸ. ಹತ್ತಿರದ ಕೋಠಿಗೆ ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿ, ಕೇಳಿಕೊಂಡರೆ ತೋರಿಸುತ್ತಾರೆ. ಬ್ಯಾಕ್ಟೀರಿಯಾ ಯಾವುದು, ಯಾವುದು ಅಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ವಿಡಿಯೊ ನಾನು ನೋಡಿಲ್ಲ.

ತುಮಕೂರಿನ ಪ್ರಯೋಗಾಲಯ ತಂತ್ರಜ್ಞೆ

ಕಾರ್ಟೂನ್ ವಿಡಿಯೊಗಳ ಮೇಲೆ ನನಗೆ ಸಿಟ್ಟಿದೆ. ಹಸಿರು ಬಣ್ಣ, ಎರಡು ಕಣ್ಣು, ಬಾಯಿಯಲ್ಲಿ ಹಲ್ಲು! ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಸೂಕ್ಷ್ಮದರ್ಶಕದಲ್ಲಿ ಬಣ್ಣವೇ ಇರುವುದಿಲ್ಲ. ಬಣ್ಣ ಹಾಕುವವರು ನಾವು. ಇ. ಕೋಲೈ ಉದ್ದ ಸುಮಾರು 2 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿಗೆ ಐನೂರು ಸಾಲಾಗಿ ಹಿಡಿಸುತ್ತವೆ.

ಮಗಳಿಗೆ ಗ್ರಾಂ ಸ್ಟೇನ್, ಅಂದರೆ ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ಎರಡು ಗುಂಪಾಗಿ ಗುರುತಿಸುವ ಪರೀಕ್ಷೆ, ಮಾಡುವ ನಿಜವಾದ ಲ್ಯಾಬ್ ವಿಡಿಯೊ ತೋರಿಸಿ. ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ವಿಧಾನವನ್ನೇ ತುಸು ಬದಲಿಸಿ ನಾವು ದಿನವೂ ಮಾಡುತ್ತೇವೆ: ನೇರಳೆ ಬಣ್ಣದ ಕ್ರಿಸ್ಟಲ್ ವಯೊಲೆಟ್, ಅಯೋಡಿನ್, ಆಲ್ಕೊಹಾಲ್, ಕೊನೆಗೆ ಸಫ್ರನಿನ್. ಕೋಶಭಿತ್ತಿ ದಪ್ಪಗಿದ್ದವು ನೇರಳೆ ಬಣ್ಣವನ್ನು ಬಿಡುವುದಿಲ್ಲ, ತೆಳ್ಳಗಿದ್ದವು ಆಲ್ಕೊಹಾಲಿಗೆ ಬಣ್ಣ ಬಿಟ್ಟುಕೊಟ್ಟು ಸಫ್ರನಿನ್ ಹಾಕಿದಾಗ ಗುಲಾಬಿಯಾಗುತ್ತವೆ. ಆಲ್ಕೊಹಾಲ್ ಒಂದು ಕ್ಷಣ ಹೆಚ್ಚಾದರೂ ಎಲ್ಲವೂ ಗುಲಾಬಿ. ಯಾವ ಕಾರ್ಟೂನೂ ಇದನ್ನು ಹೇಳುವುದಿಲ್ಲ.

ಒಂದು ಎಚ್ಚರಿಕೆ. ಮನೆಯಲ್ಲಿ ಡಬ್ಬಿಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಎಂದು ಹೇಳಿಕೊಡುವ ವಿಡಿಯೊಗಳಿವೆ. ಬೇಡ. ಏನು ಬೆಳೆಯಿತು ಎಂದು ತಿಳಿಯದೆ ಮುಚ್ಚಳ ತೆಗೆಯುವುದು ಅಪಾಯ. ಆಸೆಯಿದ್ದರೆ ಕಾಲೇಜಿಗೆ ಒಂದು ಚಮಚ ಮೊಸರು ಒಯ್ಯಲಿ. ನೀರು ಬೆರೆಸಿ, ಗಾಜಿನ ಮೇಲೆ ತೆಳುವಾಗಿ ಸವರಿ, ಒಣಗಿಸಿ, ಮಿಥಿಲೀನ್ ಬ್ಲೂ ಹಾಕಿದರೆ ಸಣ್ಣ ಕಡ್ಡಿಗಳೂ ಚುಕ್ಕೆಗಳೂ ಕಾಣುತ್ತವೆ.

ಶಿಡ್ಲಘಟ್ಟದ ತಾಯಿ

ಮಗಳು ಇದನ್ನೆಲ್ಲ ಓದಿ ಒಂದು ಪ್ರಶ್ನೆ ಕೇಳಿದ್ದಾಳೆ, ಅವಳ ಮಾತಿನಲ್ಲೇ ಹಾಕುತ್ತಿದ್ದೇನೆ: ‘ಪೆನಿಸಿಲಿನ್ ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವುದನ್ನು ತಡೆಯುತ್ತದೆ ಎಂದು ವಿಡಿಯೊದಲ್ಲಿತ್ತು. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿಯೇ ಇಲ್ಲ ಎಂದು ಪುಸ್ತಕದಲ್ಲಿದೆ. ಹಾಗಾದರೆ ಅದಕ್ಕೆ ಪೆನಿಸಿಲಿನ್ ಕೊಟ್ಟರೆ?’

ಕೋಲಾರದ ಪಿಯು ಉಪನ್ಯಾಸಕ

ನಾಟುವುದಿಲ್ಲ. ಅದಕ್ಕೆ ಬೇರೆ ಆಂಟಿಬಯಾಟಿಕ್ ಕೊಡುತ್ತಾರೆ, ಬ್ಯಾಕ್ಟೀರಿಯಾದ ರೈಬೋಸೋಮನ್ನು ಹಿಡಿದು ನಮ್ಮದನ್ನು ಬಿಡುವಂಥದ್ದು. ಬ್ಯಾಕ್ಟೀರಿಯಾದ ರೈಬೋಸೋಮ್ ಚಿಕ್ಕದು, 70ಎಸ್, ನಮ್ಮ ಕೋಶದ್ರವ್ಯದಲ್ಲಿರುವುದು ದೊಡ್ಡದು, 80ಎಸ್ ಎಂದು ಪುಸ್ತಕದಲ್ಲಿರುವ ಸಾಲಿನ ಕೆಳಗೆ ಈಗ ಒಂದು ಗೆರೆ ಎಳೆದುಕೊಳ್ಳಲು ಹೇಳಿ.