ಶಾಸಕರ ಪ್ರಗತಿ ಪುಸ್ತಿಕೆಯಲ್ಲಿ ಸಾರ್ವಜನಿಕ ಸುರಕ್ಷತೆ: ಏನನ್ನು ಓದಬೇಕು, ಏನನ್ನು ಕೇಳಬೇಕು?

ಪ್ರಶ್ನೆ (ಬಡಾವಣೆ ನಿವಾಸಿಗಳ ಸಂಘದ ಕಾರ್ಯದರ್ಶಿ): ನಮಸ್ಕಾರ ಸರ್. ತಾವು ವಿಧಾನಸಭೆಯ ಸಚಿವಾಲಯದಲ್ಲಿ ಪ್ರಶ್ನೆಗಳ ಶಾಖೆಯಲ್ಲಿದ್ದು ನಿವೃತ್ತರಾದವರೆಂದು ತಿಳಿದು ಕೇಳುತ್ತಿದ್ದೇನೆ. ನಮ್ಮದು ಒಂದು ತಾಲ್ಲೂಕು ಕೇಂದ್ರ. ಕ್ಷೇತ್ರದ ಶಾಸಕರು ಕಳೆದ ವರ್ಷದ ತಮ್ಮ ಕೆಲಸಗಳನ್ನು ವಿವರಿಸುವ ಪುಸ್ತಿಕೆಯನ್ನು ಮನೆಮನೆಗೆ ಹಂಚಿಸಿದ್ದಾರೆ. ಅದರಲ್ಲಿ ಜನರ ಸುರಕ್ಷತೆ ಮತ್ತು ಸೌಹಾರ್ದಕ್ಕೆಂದೇ ಒಂದು ಭಾಗವಿದೆ. ಮುಖ್ಯ ವೃತ್ತಗಳಿಗೆ ಸಿ.ಸಿ. ಟಿ.ವಿ. ಕ್ಯಾಮೆರಾ, ಹೈಮಾಸ್ಟ್ ದೀಪಗಳು, ಪೊಲೀಸ್ ಉಪಠಾಣೆಗೆ ಹೊಸ ಕಟ್ಟಡ, ಹಬ್ಬಗಳಿಗೆ ಮುನ್ನ ಶಾಂತಿ ಸಭೆ, ಮಾದಕ ವಸ್ತುಗಳ ವಿರುದ್ಧ ಜಾಥಾ, ಹೀಗೆ ಪಟ್ಟಿ ಸಾಗುತ್ತದೆ. ಸಂಘದ ಸಭೆಯಲ್ಲಿ ಕೆಲವರು ಇದನ್ನು ಮೆಚ್ಚಿದರು. ಇನ್ನು ಕೆಲವರು ಇವೆಲ್ಲ ಅಧಿಕಾರಿಗಳ ಕೆಲಸ, ಶಾಸಕರದ್ದು ಫೋಟೊ ಮಾತ್ರ ಎಂದರು. ಶಾಸಕರ ಇಂತಹ ಕೆಲಸವನ್ನು ಯಾವ ಅಳತೆಯಿಂದ ನೋಡಬೇಕು?

ಉತ್ತರ: ನಿಮ್ಮ ಸಭೆಯ ಎರಡೂ ಗುಂಪಿನವರು ಅರ್ಧ ಸರಿ. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಮೊದಲನೆಯ ಬಾಬ್ತು ಸಾರ್ವಜನಿಕ ಸುವ್ಯವಸ್ಥೆ, ಎರಡನೆಯದು ಪೊಲೀಸ್. ಆದ್ದರಿಂದ ಸುರಕ್ಷತೆಯ ವಿಷಯದಲ್ಲಿ ಉತ್ತರ ಹೇಳಬೇಕಾದದ್ದು ರಾಜ್ಯ ಸರ್ಕಾರ, ಉತ್ತರ ಹೇಳಿಸಬೇಕಾದದ್ದು 224 ಸದಸ್ಯರ ನಮ್ಮ ವಿಧಾನಸಭೆ. ಆದರೆ ಶಾಸಕರು ಕಾರ್ಯಾಂಗದ ಭಾಗವಲ್ಲ. ಠಾಣೆಯ ಇನ್‌ಸ್ಪೆಕ್ಟರ್‌ಗೆ ಆದೇಶ ಕೊಡುವ ಅಧಿಕಾರ ಅವರಿಗೆ ಯಾವ ಕಾನೂನಿನಲ್ಲಿಯೂ ಇಲ್ಲ. ಅವರ ಕೈಯಲ್ಲಿರುವುದು ಮುಖ್ಯವಾಗಿ ಮೂರು: ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ ಕಾಮಗಾರಿಗಳನ್ನು ಶಿಫಾರಸು ಮಾಡುವುದು, ಇಲಾಖೆಗಳ ಕೆಲಸದ ಪ್ರಗತಿಯನ್ನು ಪರಿಶೀಲಿಸುವ ತಾಲ್ಲೂಕು ಮಟ್ಟದ ಕೆ.ಡಿ.ಪಿ. ಸಭೆಯ ಅಧ್ಯಕ್ಷತೆ ವಹಿಸುವುದು, ಸದನದಲ್ಲಿ ಸರ್ಕಾರವನ್ನು ಪ್ರಶ್ನಿಸುವುದು. ನೀವು ವಿವರಿಸಿದ ಪುಸ್ತಿಕೆಯಲ್ಲಿ ಮೊದಲೆರಡರ ಫಲ ಕಾಣುತ್ತದೆ, ಮೂರನೆಯದರ ಸುಳಿವೇ ಇಲ್ಲ. ನನ್ನ ಮಟ್ಟಿಗೆ ಶಾಸಕರೊಬ್ಬರ ಕೆಲಸದ ತೂಕ ತಿಳಿಯುವುದು ಆ ಮೂರನೆಯದರಿಂದಲೇ.

ಮೊದಲು ಪುಸ್ತಿಕೆಯಲ್ಲಿರುವುದನ್ನೇ ನೋಡೋಣ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅವರು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಕೊಡುವವರು ಜಿಲ್ಲಾಧಿಕಾರಿ. ಈ ನಿಧಿ ಇರುವುದು ಬಾಳಿಕೆ ಬರುವ ಸಾರ್ವಜನಿಕ ಆಸ್ತಿಗಳನ್ನು ನಿರ್ಮಿಸುವುದಕ್ಕೆ. ವರ್ಷವರ್ಷದ ನಿರ್ವಹಣೆಯ ಖರ್ಚನ್ನು ಹೊರುವುದಕ್ಕಲ್ಲ. ಹೀಗಾಗಿ ವೃತ್ತದಲ್ಲಿ ಕ್ಯಾಮೆರಾ ಬಂದಿದೆ ಎಂದಾಗ ಕೇಳಬೇಕಾದದ್ದು ಅದರ ಸಂಖ್ಯೆಯನ್ನಲ್ಲ. ದೃಶ್ಯ ಯಾವ ಠಾಣೆಯ ಪರದೆಗೆ ಹೋಗುತ್ತದೆ, ಎಷ್ಟು ದಿನ ಉಳಿಯುತ್ತದೆ, ವಾರ್ಷಿಕ ನಿರ್ವಹಣೆಯ ಗುತ್ತಿಗೆಗೆ ಹಣ ಕೊಡುವವರು ಪುರಸಭೆಯವರೋ ಪೊಲೀಸ್ ಇಲಾಖೆಯವರೋ ಎಂದು ಕೇಳಬೇಕು. ಸಿಡಿಲಿಗೆ ಸುಟ್ಟ ಕ್ಯಾಮೆರಾವೊಂದು ‘ನಮ್ಮದಲ್ಲ’ ಎಂಬ ಎರಡು ಪತ್ರಗಳ ನಡುವೆ ಕಂಬದಲ್ಲೇ ಉಳಿದುಬಿಡುವುದು ಅಪರೂಪವೇನಲ್ಲ. ಜೊತೆಗೆ, ಎಲ್ಲ ಕ್ಯಾಮೆರಾಗಳಿಗೂ ಸರ್ಕಾರವೇ ಹಣ ಕೊಡಬೇಕೆಂದಿಲ್ಲ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಅಧಿನಿಯಮದ ಪ್ರಕಾರ, ಜನ ಹೆಚ್ಚಾಗಿ ಸೇರುವ ವಾಣಿಜ್ಯ ಸಂಸ್ಥೆ, ಆಸ್ಪತ್ರೆ, ಕಲ್ಯಾಣ ಮಂಟಪದಂತಹ ಸ್ಥಳಗಳ ಮಾಲೀಕರು ತಾವೇ ಕ್ಯಾಮೆರಾ ಅಳವಡಿಸಿ, ದೃಶ್ಯಗಳನ್ನು 30 ದಿನ ಕಾಪಾಡಬೇಕು. ನಿಮ್ಮ ಪಟ್ಟಣದಲ್ಲಿ ಈ ಕಾನೂನಿನ ಅಡಿ ಎಷ್ಟು ಸಂಸ್ಥೆಗಳಿಗೆ ನೋಟಿಸು ಹೋಗಿದೆ ಎಂದು ಶಾಸಕರು ಕೆ.ಡಿ.ಪಿ. ಸಭೆಯಲ್ಲಿ ಕೇಳಿ ನಡಾವಳಿಗೆ ಸೇರಿಸಿದರೆ ಅದಕ್ಕೆ ಒಂದು ಪೈಸೆಯೂ ಖರ್ಚಾಗುವುದಿಲ್ಲ. ಉದ್ಘಾಟನೆಯ ಫೋಟೊವೂ ಸಿಗುವುದಿಲ್ಲ, ಅದು ಬೇರೆ ಮಾತು.

ಉಪಠಾಣೆಯ ವಿಷಯ ಇನ್ನೂ ಗಂಭೀರ. ಕಟ್ಟಡ ಬರುವುದು ಒಂದು ದಾರಿಯಿಂದ, ಸಿಬ್ಬಂದಿ ಬರುವುದು ಬೇರೆ ದಾರಿಯಿಂದ. ಹುದ್ದೆಗಳನ್ನು ಸೃಜಿಸಬೇಕಾದರೆ ಗೃಹ ಇಲಾಖೆಯ ಪ್ರಸ್ತಾವಕ್ಕೆ ಆರ್ಥಿಕ ಇಲಾಖೆಯ ಸಹಮತಿ ಬೇಕು. ಹುದ್ದೆ ಮಂಜೂರಾಗದ ಉಪಠಾಣೆಗೆ ಮೂಲ ಠಾಣೆಯಿಂದಲೇ ಇಬ್ಬರನ್ನು ನಿಯೋಜಿಸುತ್ತಾರೆ, ಆ ಮಟ್ಟಿಗೆ ಅಲ್ಲಿನ ರಾತ್ರಿ ಬೀಟು ಸೊರಗುತ್ತದೆ. ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಖಾಲಿ ಎಷ್ಟು, ಬೇರೆಡೆಗೆ ನಿಯೋಜನೆಯ ಮೇಲೆ ಹೋದವರೆಷ್ಟು, ಈ ನಾಲ್ಕು ಅಂಕಿಗಳು ಸಿಕ್ಕಿದರೆ ನಿಮ್ಮ ಊರಿನ ಸುರಕ್ಷತೆಯ ಬಗ್ಗೆ ಆ ಪುಸ್ತಿಕೆಗಿಂತ ಹೆಚ್ಚು ತಿಳಿಯುತ್ತದೆ. ಈ ಅಂಕಿಗಳನ್ನು ಸರ್ಕಾರದಿಂದ ಲಿಖಿತವಾಗಿ ತರಿಸಬಲ್ಲವರು ನಿಮ್ಮ ಶಾಸಕರು, ಅದೂ ಒಂದೇ ಪ್ರಶ್ನೆಯಲ್ಲಿ.

ದೀಪಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೀದಿ ದೀಪ ಪುರಸಭೆಯ ಹೊಣೆ. ಆದರೆ ಶಾಸಕರು ಪುರಸಭೆಯ ಸಭೆಯಲ್ಲಿಯೂ ಸದಸ್ಯರಾಗಿ ಕುಳಿತುಕೊಳ್ಳುವ ಹಕ್ಕುಳ್ಳವರು, ಅಲ್ಲಿಯೂ ಈ ಮಾತನ್ನು ಎತ್ತಬಹುದು.

ಮರುಪ್ರಶ್ನೆ (ನಿವೃತ್ತ ಶಿಕ್ಷಕಿ): ಸದನದಲ್ಲಿ ಪ್ರಶ್ನೆ ಕೇಳುವುದರಿಂದ ನಿಜವಾಗಿ ಏನಾದರೂ ಆಗುತ್ತದೆಯೇ ಸರ್? ಟಿ.ವಿ.ಯಲ್ಲಿ ಕಾಣುವುದು ಗದ್ದಲ ಮಾತ್ರ.

ಉತ್ತರ: ಮೇಡಂ, ಟಿ.ವಿ. ತೋರಿಸುವುದು ಸದನದ ಕೆಲಸದ ತೀರಾ ಸಣ್ಣ ಭಾಗವನ್ನು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಯಾವುದೇ ಆಗಲಿ, ಪ್ರಶ್ನೆ ಅಂಗೀಕಾರವಾದ ಕೂಡಲೇ ಇಲಾಖೆಯಿಂದ ಜಿಲ್ಲಾ ಕಚೇರಿಗೆ, ಅಲ್ಲಿಂದ ಠಾಣೆಗೆ ‘ವಿಧಾನಸಭೆ ಪ್ರಶ್ನೆ, ಅತಿ ತುರ್ತು’ ಎಂದು ಪತ್ರ ಓಡುತ್ತದೆ. ಎಷ್ಟೋ ಸಲ ಉತ್ತರ ಸಿದ್ಧವಾಗುವ ಮೊದಲೇ ಕೆಲಸ ಶುರುವಾಗುವುದನ್ನು ಆ ಶಾಖೆಯಲ್ಲಿದ್ದವರೆಲ್ಲರೂ ಬಲ್ಲರು.

ಆದರೆ ಪ್ರಶ್ನೆಯನ್ನು ಬರೆಯುವ ಬಗೆಯಲ್ಲಿ ಎಲ್ಲವೂ ಇದೆ. ನಮ್ಮಲ್ಲಿ ರೂಢಿಗೆ ಬಿದ್ದ ಮಾದರಿಯೊಂದಿದೆ. ‘(ಅ) ಇಂತಹ ಪಟ್ಟಣದಲ್ಲಿ ಕಳವು ಪ್ರಕರಣಗಳು ಹೆಚ್ಚುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಸರ್ಕಾರವು ಕೈಗೊಂಡಿರುವ ಕ್ರಮಗಳೇನು?’ ಇದಕ್ಕೆ ಉತ್ತರವೂ ಸಿದ್ಧವಿರುತ್ತದೆ: ‘ಬಂದಿದೆ. ಬೀಟ್ ವ್ಯವಸ್ಥೆಯನ್ನು ಬಲಪಡಿಸಲಾಗಿದೆ.’ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಇದು. ಅದರ ಬದಲು, ‘ಕಳೆದ ಮೂರು ವರ್ಷಗಳಲ್ಲಿ ಈ ಠಾಣೆಯಲ್ಲಿ ದಾಖಲಾದ, ಪತ್ತೆಯಾದ ಹಾಗೂ ತನಿಖೆ ಬಾಕಿಯಿರುವ ಕಳವು ಪ್ರಕರಣಗಳೆಷ್ಟು (ವರ್ಷವಾರು ವಿವರ ನೀಡುವುದು)’ ಎಂದು ಕೇಳಿದರೆ ಅಂಕಿ ಕೊಡದೆ ಜಾರಿಕೊಳ್ಳುವುದು ಕಷ್ಟ. ಸಚಿವರು ‘ಕ್ರಮ ಕೈಗೊಳ್ಳಲಾಗುವುದು’ ಎಂದು ಸದನದಲ್ಲಿ ಹೇಳಿದರೆ ಆ ಮಾತು ಭರವಸೆಯಾಗಿ ದಾಖಲಾಗಬಹುದು. ಅದು ಈಡೇರಿತೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿ ಎಂಬುದೇ ಇದೆ. ‘ಅನುದಾನದ ಲಭ್ಯತೆಗೆ ಅನುಗುಣವಾಗಿ’ ಎಂಬ ಪದಗುಚ್ಛ ಉತ್ತರಗಳಲ್ಲಿ ಅಷ್ಟು ಸಲ ಕಾಣಿಸಿಕೊಳ್ಳುವುದಕ್ಕೆ ಕಾರಣ ಆ ಸಮಿತಿಯ ನೆನಪೇ ಇರಬೇಕು.

ಪ್ರಶ್ನೆಯಲ್ಲದೆ ಬೇರೆ ದಾರಿಗಳೂ ಇವೆ. ವಿಧಾನಸಭೆಯ ಕಾರ್ಯವಿಧಾನ ನಿಯಮಗಳಲ್ಲಿ ನಿಯಮ 73ರ ಅಡಿ ಗಮನ ಸೆಳೆಯುವ ಸೂಚನೆ ಕೊಡಬಹುದು. ದೊಡ್ಡ ದುರ್ಘಟನೆಯಾದಾಗ ನಿಯಮ 60ರ ಅಡಿ ನಿಲುವಳಿ ಸೂಚನೆ, ಅಂದರೆ ಉಳಿದ ಕಲಾಪವನ್ನು ಬದಿಗಿಟ್ಟು ಆ ವಿಷಯ ಚರ್ಚಿಸಬೇಕೆಂಬ ಸೂಚನೆ, ಮಂಡಿಸಲು ಕೋರಬಹುದು. ಅದನ್ನು ಸಭಾಧ್ಯಕ್ಷರು ನಿಯಮ 69ಕ್ಕೆ ಪರಿವರ್ತಿಸಿ ಚರ್ಚೆಗೆ ಅವಕಾಶ ಕೊಡುವುದನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಪ್ರಶ್ನೋತ್ತರಗಳೂ ನಡವಳಿಗಳೂ ವಿಧಾನಸಭೆಯ ಜಾಲತಾಣದಲ್ಲಿ ಸಾರ್ವಜನಿಕರಿಗೆ ಲಭ್ಯವಿವೆ. ನಿಮ್ಮ ಶಾಸಕರ ಹೆಸರನ್ನು ಅಲ್ಲಿ ಹುಡುಕಿ, ಗೃಹ ಇಲಾಖೆಗೆ ಅವರು ಕೇಳಿದ ಪ್ರಶ್ನೆಗಳನ್ನು ಮಾತ್ರ ಬೇರ್ಪಡಿಸಿ ಓದಿ ನೋಡಿ. ಅವರು ಸಚಿವರಾಗಿದ್ದರೆ ಮಾತ್ರ ಈ ಅಳತೆ ಅನ್ವಯಿಸುವುದಿಲ್ಲ, ಏಕೆಂದರೆ ಸಚಿವರು ಉತ್ತರ ಕೊಡುವವರು, ಕೇಳುವವರಲ್ಲ.

ಪ್ರಶ್ನೆ (ವರ್ತಕರ ಸಂಘದ ಸದಸ್ಯರು): ನಮ್ಮ ಠಾಣೆಯ ಇನ್‌ಸ್ಪೆಕ್ಟರ್ ದೂರು ತೆಗೆದುಕೊಳ್ಳುವುದಿಲ್ಲ. ಅವರನ್ನು ಬದಲಾಯಿಸಿಕೊಡಿ ಎಂದು ಶಾಸಕರ ಬಳಿಗೆ ನಿಯೋಗ ಹೋಗಬೇಕೆಂದಿದ್ದೇವೆ. ಇದು ಸರಿಯೇ?

ಉತ್ತರ: ನಿಯೋಗ ಹೋಗುವುದು ನಿಮ್ಮ ಹಕ್ಕು. ಕೇಳುವ ವಿಷಯವನ್ನು ಮಾತ್ರ ಬದಲಾಯಿಸಿಕೊಳ್ಳಿ ಎಂಬುದು ನನ್ನ ಸಲಹೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಕೊಟ್ಟ ನಿರ್ದೇಶನಗಳಲ್ಲಿ ಎರಡು ಇಲ್ಲಿ ಮುಖ್ಯ. ಠಾಣಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕು, ಡಿವೈ.ಎಸ್ಪಿ. ಮತ್ತು ಅದಕ್ಕಿಂತ ಕೆಳಗಿನ ಅಧಿಕಾರಿಗಳ ವರ್ಗಾವಣೆಯನ್ನು ಪೊಲೀಸ್ ಸಿಬ್ಬಂದಿ ಮಂಡಳಿ ತೀರ್ಮಾನಿಸಬೇಕು. ಕರ್ನಾಟಕವು 2012ರಲ್ಲಿ ತನ್ನ ಪೊಲೀಸ್ ಅಧಿನಿಯಮಕ್ಕೆ ತಿದ್ದುಪಡಿ ತಂದು ಅಂತಹ ಮಂಡಳಿಯನ್ನೂ ಪೊಲೀಸ್ ದೂರು ಪ್ರಾಧಿಕಾರವನ್ನೂ ಕಾನೂನಿನೊಳಕ್ಕೆ ತಂದಿತು. ಹೀಗಿದ್ದೂ ಶಾಸಕರ ಶಿಫಾರಸು ಪತ್ರವಿಲ್ಲದೆ ಠಾಣೆ ಸಿಗುವುದಿಲ್ಲ ಎಂಬ ಮಾತು ರಾಜ್ಯದಲ್ಲಿ ಎಲ್ಲ ಪಕ್ಷಗಳ ಕಾಲದಲ್ಲಿಯೂ ಕೇಳಿಬಂದಿದೆ. ಸಾರ್ವಜನಿಕ ಸುರಕ್ಷತೆಗೆ ಶಾಸಕರಿಂದ ಆಗಬಹುದಾದ ಅತಿ ದೊಡ್ಡ ಹಾನಿ ಇದೇ ಎಂದು ನಾನು ಭಾವಿಸುತ್ತೇನೆ. ಪತ್ರದಿಂದ ಬಂದ ಅಧಿಕಾರಿ ಯಾರ ದೂರನ್ನು ಮೊದಲು ಕೇಳುತ್ತಾರೆ ಎಂಬುದನ್ನು ವರ್ತಕರಾದ ತಮಗೆ ನಾನು ಹೇಳಬೇಕಿಲ್ಲ.

ದೂರು ದಾಖಲಿಸಿಕೊಳ್ಳದಿದ್ದರೆ ಅದನ್ನು ಲಿಖಿತವಾಗಿ ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಲು ಕಾನೂನಿನಲ್ಲಿ ಅವಕಾಶವಿದೆ. ಅದೂ ಫಲ ಕೊಡದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಅಧಿಕಾರಿಯ ದುರ್ನಡತೆಯೇ ವಿಷಯವಾದರೆ ದೂರು ಪ್ರಾಧಿಕಾರವಿದೆ. ಆನ್‌ಲೈನ್ ವಂಚನೆಯಾಗಿದ್ದರೆ ಇದಾವುದಕ್ಕೂ ಕಾಯದೆ ಮೊದಲು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಶಾಸಕರಲ್ಲಿ ಕೇಳಬೇಕಾದದ್ದು, ಕಳೆದ ವರ್ಷ ಈ ಠಾಣೆಯಲ್ಲಿ ಎಷ್ಟು ಅರ್ಜಿಗಳು ಬಂದವು, ಅವುಗಳಲ್ಲಿ ಎಷ್ಟು ಪ್ರಕರಣಗಳಾಗಿ ದಾಖಲಾದವು ಎಂಬ ಪ್ರಶ್ನೆಯನ್ನು ಸದನದಲ್ಲಿ ಎತ್ತಿ ಎಂದು.

ಪ್ರಶ್ನೆ (ಶಾಲಾ ಪೋಷಕರೊಬ್ಬರು): ನಮ್ಮ ಮಕ್ಕಳ ಶಾಲೆಯ ಮುಂದೆ ರಾಜ್ಯ ಹೆದ್ದಾರಿಗೆ ಶಾಸಕರು ಹೇಳಿ ಹಂಪ್ಸ್ ಹಾಕಿಸಿದರು. ಈಗ ಅದರ ಮೇಲೆಯೇ ಬೈಕುಗಳು ಬೀಳುತ್ತಿವೆ.

ಉತ್ತರ: ಡಾಂಬರು ಉಳಿದಾಗ ಸುರಿದು ಹೋದ ಉಬ್ಬು ಅದಾಗಿರಬಹುದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಉಬ್ಬಿನ ಎತ್ತರ 10 ಸೆಂಟಿಮೀಟರ್, ವಾಹನ ಸಾಗುವ ದಿಕ್ಕಿನಲ್ಲಿ ಅದರ ಅಗಲ 3.7 ಮೀಟರ್ ಇರಬೇಕು. ಮುಂಚಿತವಾಗಿ ಸೂಚನಾ ಫಲಕವೂ ರಾತ್ರಿ ಹೊಳೆಯುವ ಬಣ್ಣದ ಪಟ್ಟೆಗಳೂ ಬೇಕು. ಅಳೆದು ನೋಡಿ, ಫೋಟೊ ಸಹಿತ ಲೋಕೋಪಯೋಗಿ ಇಲಾಖೆಯ ಸಹಾಯಕ ಕಾರ್ಯಪಾಲಕ ಎಂಜಿನಿಯರರಿಗೆ ಬರೆಯಿರಿ, ಪ್ರತಿಯನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕಳುಹಿಸಿ. ಶಾಸಕರು ಫೋನಿನಲ್ಲಿ ಹೇಳಿ ಉಬ್ಬು ಹಾಕಿಸುವುದಕ್ಕಿಂತ ಈ ಸಮಿತಿಗೆ ಬರೆದು ಸ್ಥಳ ಪರಿಶೀಲನೆ ಮಾಡಿಸುವುದು ಮೇಲು.

ಪ್ರಶ್ನೆ (ಜಾತ್ರಾ ಸಮಿತಿಯ ಸದಸ್ಯರು): ಪುಸ್ತಿಕೆಯಲ್ಲಿರುವ ಶಾಂತಿ ಸಭೆಗೆ ನಾನೂ ಹೋಗಿದ್ದೆ. ಎಲ್ಲರೂ ಸಹಕರಿಸಬೇಕು ಎಂದು ಭಾಷಣವಾಯಿತು, ಚಹಾ ಆಯಿತು. ಇದರಲ್ಲಿ ಶಾಸಕರ ಪಾತ್ರ ಇಷ್ಟೇ ಏನು?

ಉತ್ತರ: ಶಾಂತಿ ಸಭೆಯನ್ನು ಕರೆಯುವುದು ಪೊಲೀಸರು ಮತ್ತು ತಾಲ್ಲೂಕು ಆಡಳಿತ. ಎರಡು ಸಮುದಾಯಗಳ ಹಿರಿಯರು ಒಂದೇ ಕೋಣೆಯಲ್ಲಿ ಕೂಡುವುದಕ್ಕೆ ತನ್ನದೇ ಬೆಲೆಯಿದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಸೌಹಾರ್ದದ ಮಾತಿನಲ್ಲಿಯೇ ಸಭೆ ಮುಗಿದುಹೋದರೆ ಮೆರವಣಿಗೆಯ ಸುರಕ್ಷತೆ ಹಾಗೆಯೇ ಉಳಿಯುತ್ತದೆ. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಗೆ ಲಾರಿ ನುಗ್ಗಿ ಹಲವರು ಪ್ರಾಣ ಕಳೆದುಕೊಂಡರು. ಅಲ್ಲಿ ಯಾರ ನಡುವೆಯೂ ಜಗಳವಿರಲಿಲ್ಲ. ಆದ್ದರಿಂದ ಮೆರವಣಿಗೆ ಹೆದ್ದಾರಿಯನ್ನು ಮುಟ್ಟುವ ಜಾಗ ಯಾವುದು, ಆ ಹೊತ್ತಿನಲ್ಲಿ ಭಾರಿ ವಾಹನಗಳನ್ನು ತಿರುಗಿಸುವ ದಾರಿ ಯಾವುದು, ಬ್ಯಾರಿಕೇಡ್ ಇಡುವವರು ಯಾರು, ಆಂಬುಲೆನ್ಸ್ ನಿಲ್ಲುವುದೆಲ್ಲಿ ಎಂಬುದು ಶಾಂತಿ ಸಭೆಯ ನಡಾವಳಿಯಲ್ಲಿ ಹೆಸರು, ಹುದ್ದೆಗಳೊಂದಿಗೆ ಬರಬೇಕು. ಇದನ್ನು ಒತ್ತಾಯಿಸಿ ಬರೆಸುವ ಶಾಸಕರು ಭಾಷಣ ಮಾಡದಿದ್ದರೂ ನಡೆಯುತ್ತದೆ.

ಇನ್ನೊಂದು ಕೆಲಸ ಬೆಂಗಳೂರಿನಲ್ಲಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಮೇಲೆ ಸರ್ಕಾರವು ಜನಸಂದಣಿ ನಿಯಂತ್ರಣಕ್ಕಾಗಿ ವಿಧೇಯಕವೊಂದನ್ನು ಅದೇ ಆಗಸ್ಟಿನಲ್ಲಿ ವಿಧಾನಸಭೆಯಲ್ಲಿ ಮಂಡಿಸಿತು. ಕ್ರಿಕೆಟ್ ಸಂಭ್ರಮಾಚರಣೆ ನಡೆಸುವ ಸಂಸ್ಥೆಯೂ ಊರಿನ ರಥೋತ್ಸವವನ್ನೋ ಉರುಸನ್ನೋ ನಡೆಸುವ ಸಮಿತಿಯೂ ಒಂದೇ ಬಗೆಯ ಸಂಘಟಕರಲ್ಲ. ಇಂತಹ ಕಾನೂನುಗಳಲ್ಲಿ ಹೊಣೆಯನ್ನು ಯಾರ ಮೇಲೆ, ಎಷ್ಟರ ಮಟ್ಟಿಗೆ ಹೊರಿಸಬೇಕು ಎಂಬುದನ್ನು ಖಂಡ ಖಂಡವಾಗಿ ಓದಿ ತಿದ್ದುಪಡಿ ಸೂಚಿಸುವುದು ಶಾಸಕರಿಗೆ ಮಾತ್ರ ಸಾಧ್ಯವಿರುವ ಕೆಲಸ. ನಿಮ್ಮ ಜಾತ್ರಾ ಸಮಿತಿಯ ಅನುಭವವನ್ನು ಎರಡು ಪುಟಗಳಲ್ಲಿ ಬರೆದುಕೊಟ್ಟರೆ ಅವರಿಗೂ ಉಪಯೋಗವಾಗುತ್ತದೆ.

ಪ್ರಶ್ನೆ (ಮೊದಲ ಪ್ರಶ್ನೆ ಕೇಳಿದ ಕಾರ್ಯದರ್ಶಿ): ವಂದನೆಗಳು ಸರ್. ಕೊನೆಯದಾಗಿ ಒಂದು ಮಾತು. ನಮ್ಮ ಶಾಸಕರು ಆಡಳಿತ ಪಕ್ಷದವರು. ತಮ್ಮದೇ ಸರ್ಕಾರಕ್ಕೆ ಇಂತಹ ಪ್ರಶ್ನೆ ಹಾಕುತ್ತಾರೆಯೇ?

ಉತ್ತರ: ಹಾಕುತ್ತಾರೆ. ಆಡಳಿತ ಪಕ್ಷದ ಸದಸ್ಯರ ಪ್ರಶ್ನೆಗಳು ಪ್ರತಿ ಅಧಿವೇಶನದಲ್ಲಿಯೂ ಪಟ್ಟಿಯಲ್ಲಿರುತ್ತವೆ, ಖಾಲಿ ಹುದ್ದೆಗಳ ಪ್ರಶ್ನೆ ಕೇಳಿಸಿಕೊಂಡು ಮುಜುಗರಪಡುವ ಸಚಿವರೂ ಕಡಿಮೆ. ಅಂಕಿ ಕೇಳುವ ಪ್ರಶ್ನೆಯಲ್ಲಿ ಟೀಕೆಯ ಧ್ವನಿ ಇರಬೇಕಾಗಿಲ್ಲ. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಶಾಸಕರ ಆಪ್ತ ಸಹಾಯಕರನ್ನು ಕಾಣಿರಿ, ಏಕೆಂದರೆ ಪ್ರಶ್ನೆಯ ಸೂಚನೆಯನ್ನು ಮುಂಚಿತವಾಗಿಯೇ ಸಲ್ಲಿಸಬೇಕು, ತಡವಾದರೆ ಮುಂದಿನ ಅಧಿವೇಶನದವರೆಗೆ ಕಾಯಬೇಕಾಗುತ್ತದೆ. ಪ್ರಶ್ನೆ ಒಂದೇ ಇಲಾಖೆಗೆ, ಒಂದೇ ವಿಷಯಕ್ಕೆ ಸೀಮಿತವಾಗಿರಲಿ. ನಾನಾದರೆ ಉಪಠಾಣೆಯ ಹುದ್ದೆಗಳಿಂದ ಆರಂಭಿಸುತ್ತೇನೆ. ಕರಡನ್ನು ಇಲ್ಲಿ ಹಾಕಿದರೆ ತಿದ್ದಿಕೊಡುತ್ತೇನೆ. ‘ಗಮನಕ್ಕೆ ಬಂದಿದೆಯೇ’ ಎಂದು ಮಾತ್ರ ಆರಂಭಿಸಬೇಡಿ.