ಅಪ್‌ಡೇಟ್: ಎರಡೇ ವರ್ಷಕ್ಕೆ ಕತ್ತಲಾದ ಟಿವಿ

ಹದಿನೆಂಟು ವರ್ಷ ದುಡಿದ ಹಳೆಯ ಟಿವಿಯ ಜಾಗಕ್ಕೆ ಅದೇ ಹೆಸರಿನ ಹೊಸದನ್ನು ತಂದೆ, ಎರಡೇ ವರ್ಷಕ್ಕೆ ಪರದೆ ಕತ್ತಲಾಗಿ ಧ್ವನಿ ಮಾತ್ರ ಉಳಿದಿದೆ, ರಿಪೇರಿಯೋ ಗುಜರಿಯೋ ಎಂದು ಕೇಳಿದ್ದೆನಲ್ಲ. ಟಾರ್ಚ್ ಹಿಡಿದು ನೋಡಿ ಎಂದವರಿಗೆ ಮೊದಲ ಧನ್ಯವಾದ. ದೀಪ ಆರಿಸಿ ಓರೆಯಾಗಿ ಬೆಳಕು ಬಿಟ್ಟರೆ ವಾರ್ತೆ ಓದುವವರ ಮುಖ ಮಸುಕಾಗಿ ಕಂಡಿತು! ಚಿತ್ರ ಮೂಡಿಸುವ ಪ್ಯಾನೆಲ್ ಬದುಕಿದೆ, ಸತ್ತದ್ದು ಅದರ ಹಿಂದಿನಿಂದ ಬೆಳಗುವ ದೀಪ, ಅಂದರೆ ಬ್ಯಾಕ್‌ಲೈಟ್.

ಮೆಕ್ಯಾನಿಕ್ ಬಿಚ್ಚಿ ತೋರಿಸಿದರು. ಬ್ಯಾಕ್‌ಲೈಟ್ ಎಂದರೆ ಎಲ್‌ಇಡಿ ಎಂಬ ಪುಟ್ಟ ದೀಪಗಳ ಪಟ್ಟಿಗಳು; ಅಂಥ ಪಟ್ಟಿಯೊಂದರಲ್ಲಿ ಸಾಸಿವೆಗಿಂತ ತುಸು ದೊಡ್ಡ ಎಲ್‌ಇಡಿ ಕರಕಲಾಗಿತ್ತು. ಎಲ್ಲವನ್ನೂ ಸರಣಿಯಲ್ಲಿ ಪೋಣಿಸಿರುವುದರಿಂದ ಒಂದು ಸುಟ್ಟರೆ ಇಡೀ ಸಾಲೇ ಆರುತ್ತದೆ. ಬ್ಯಾಕ್‌ಲೈಟ್ ಪೂರ್ತಿ ಏರಿಸಿದಷ್ಟೂ ಬಿಸಿ ಹೆಚ್ಚು, ಆಯುಷ್ಯ ಕಡಿಮೆ. ನಾನು ತಂದ ದಿನದಿಂದ ನೂರಕ್ಕೆ ನೂರು ಇಟ್ಟಿದ್ದೆ. ಆ ತಪ್ಪು ನನ್ನದೂ ಹೌದು. ಆದರೆ ಹಾಗೆ ಇಡಲು ಬಿಟ್ಟವರು ಯಾರು?

‘ಕಂಪನಿ ಅದೇ ಅಲ್ಲವೇ’ ಎಂದವರಿಗೆ: ಹೆಸರು ಅದೇ ಇದ್ದರೂ ಮಾಡುವವರು ಬೇರೆ ಇರಬಹುದು. ಫಿಲಿಪ್ಸ್ ತನ್ನ ಟಿವಿ ವ್ಯವಹಾರವನ್ನು 2012ರಲ್ಲಿ ಟಿಪಿ ವಿಷನ್‌ಗೆ ವಹಿಸಿತು; ತೋಷಿಬಾದ ಟಿವಿ ವಿಭಾಗ 2018ರಲ್ಲಿ ಹೈಸೆನ್ಸ್ ಪಾಲಾಯಿತು. ನನ್ನದು ಇವೆರಡೂ ಅಲ್ಲ, ಉದಾಹರಣೆಗಷ್ಟೇ ಹೇಳಿದೆ.

ಸೇವಾ ಕೇಂದ್ರದವರು ಇಡೀ ಪ್ಯಾನೆಲ್ ಬದಲಿಸಬೇಕು ಎಂದಿದ್ದರು. ಪಟ್ಟಿಗಳನ್ನಷ್ಟೇ ಬದಲಿಸಿದ್ದಾಯಿತು, ಒಂದಲ್ಲ, ಪೂರ್ತಿ ಸೆಟ್. ಈಗ ಬ್ಯಾಕ್‌ಲೈಟ್ ಐವತ್ತರಲ್ಲಿದೆ. ಚಿತ್ರ ಮೊದಲಿಗಿಂತ ಕಣ್ಣಿಗೆ ಹಿತವಾಗಿದೆ.